ತಾಯಿಯ ಸಮಾಧಾನಕ್ಕೆ ಒತ್ತಿದ ಗಾಳಿ

ಆ ಮನೆಗೆ ಇಬ್ಬರು ಸೊಸೆಯರು. ದೊಡ್ಡವಳು ಆಸ್ಪತ್ರೆಯಲ್ಲಿ ನರ್ಸು, ಚಿಕ್ಕವಳು ಅದೇ ಆಸ್ಪತ್ರೆಯಲ್ಲಿ ಡಾಕ್ಟರು. ಇಷ್ಟು ಹೇಳಿದರೆ ಸಾಕು, ಕೂಡುಕುಟುಂಬದಲ್ಲಿ ಬಾಳಿದವರಿಗೆ ಅರ್ಧ ಕಥೆ ಗೊತ್ತಾಗಿಬಿಡುತ್ತದೆ. ಉಳಿದರ್ಧ ಕೇಳಿ.

ದೊಡ್ಡವಳು ಆ ಮನೆಗೆ ಕಾಲಿಟ್ಟಾಗ ಚಿಕ್ಕವಳಿನ್ನೂ ಎಲ್ಲೋ ಸ್ಕೂಲಿನ ಬೆಂಚಿನ ಮೇಲೆ ಕೂತು ಪೆನ್ಸಿಲ್ ಕಚ್ಚುತ್ತಿದ್ದಿರಬೇಕು. ಗಂಡ ಸಿಟಿ ಬಸ್ಸಿನ ಡ್ರೈವರು, ಬಾಯಿಸತ್ತ ಮನುಷ್ಯ. ಅತ್ತೆ ಹಾಗಲ್ಲ, ಇಬ್ಬರ ಪಾಲಿನ ಮಾತನ್ನೂ ತಾನೇ ಆಡುವವಳು. ಆ ಅತ್ತೆಯ ಬಾಯಲ್ಲಿ ದೊಡ್ಡವಳ ಹೆಸರು ಓಡಾಡಿದ ಕಾಲವೊಂದಿತ್ತು. ಬೀದಿಯಲ್ಲಿ ಯಾರಿಗೆ ಕೆಮ್ಮಾದರೂ, ಯಾರ ಮಗು ಬಿದ್ದು ಮಂಡಿ ಒಡೆದುಕೊಂಡರೂ, ನಮ್ಮ ದೊಡ್ಡವಳು ಪಾಳಿ ಮುಗಿಸಿ ಬರಲಿ ಇರಿ, ಅವಳು ಕೈ ಇಟ್ಟರೆ ಜ್ವರವೇ ಹೆದರಿಕೊಂಡು ಓಡುತ್ತದೆ ಅನ್ನುತ್ತಿದ್ದಳು. ಅದು ಪೂರ್ತಿ ಸುಳ್ಳೂ ಅಲ್ಲ. ತುರ್ತು ರೋಗಿಗಳು ಬಂದು ಬೀಳುವ ಕ್ಯಾಶುವಾಲ್ಟಿಯಲ್ಲಿ ಅವಳ ಕೈಗೆ ಒಳ್ಳೆಯ ಹೆಸರಿತ್ತು. ಅಗಲವಾದ ಮಣಿಕಟ್ಟು, ಗಿಡ್ಡ ಬೆರಳು. ಒಣಗಿ ಕಡ್ಡಿಯಾದ ಕೈಯಲ್ಲೂ ಆ ಬೆರಳು ನರ ಹುಡುಕುತ್ತಿತ್ತು. ಬಾಗಿಲಲ್ಲಿ ಅಳುತ್ತ ನಿಂತ ಜನ ಅವಳ ಚಪ್ಪಲಿ ಸದ್ದು ಕೇಳಿದರೆ ಅರ್ಧ ಸುಮ್ಮನಾಗುತ್ತಿದ್ದರು.

ಆಮೇಲೆ ಮೈದುನ ಮದುವೆಯಾದ. ಬಂದವಳು ಡಾಕ್ಟರು.

ಮೊದಮೊದಲು ದೊಡ್ಡವಳು ತನಗೆ ತಾನೇ ಒಂದು ಸಮಾಧಾನ ಹೇಳಿಕೊಂಡಳು. ಡಾಕ್ಟರು ನಿಜ, ಆದರೆ ಮೈ ಮುಟ್ಟುವ ಡಾಕ್ಟರಲ್ಲ, ಫೋಟೋ ನೋಡುವ ಡಾಕ್ಟರು. ಎಕ್ಸ್‌ರೇ, ಸ್ಕ್ಯಾನು, ಕತ್ತಲೆ ಕೋಣೆ, ಹೊಳೆಯುವ ಪರದೆ. ಅವಳಿಗೆ ಒಂದು ಇಂಜೆಕ್ಷನ್ ಚುಚ್ಚಲು ಕೊಟ್ಟರೆ ಬೆವರುತ್ತಾಳೆ. ಆದರೆ ಅತ್ತೆಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಮಂಡಿ ನೋವು ಅಂತ ಹೇಳಿಕೊಂಡಾಗ ಚಿಕ್ಕವಳು ಕರೆದುಕೊಂಡು ಹೋಗಿ ಮಂಡಿಯ ಫೋಟೋ ತೆಗೆಸಿ, ಪಕ್ಕದಲ್ಲಿ ಕೂರಿಸಿಕೊಂಡು, ನೋಡಿ ಅತ್ತೆ, ಇಲ್ಲಿ ಮೂಳೆ ಸವೆದಿದೆ ಅಂತ ತೋರಿಸಿದಳು. ಅಷ್ಟೇ. ದೊಡ್ಡವಳು ವರ್ಷಗಟ್ಟಲೆ ಅದೇ ಮಂಡಿಗೆ ಎಣ್ಣೆ ತಿಕ್ಕಿದ್ದು ನೀರುಪಾಲಾಯಿತು. ಅತ್ತೆ ಆ ಫೋಟೋವನ್ನು ಅಲ್ಮೇರಾದಲ್ಲಿ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸತೊಡಗಿದಳು. ಮಂಡಿ ನೋವು ಇದ್ದಲ್ಲೇ ಇತ್ತು, ಆದರೆ ಈಗ ಅದಕ್ಕೊಂದು ಗೌರವ ಬಂದಿತ್ತು.

ಇದನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ದೊಡ್ಡವಳ ಸ್ವಂತ ಮಗಳ ವಿಷಯ. ಸ್ಕೂಲಿಗೆ ಹೋಗುವ ಮಗಳು ಸಂಜೆಯಾದರೆ ಚಿಕ್ಕಮ್ಮ ಎಲ್ಲಿ ಅಂತ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಪುಸ್ತಕದ ತುಂಬ ಪಕ್ಕೆಲುಬು ಬರೆಯುತ್ತಿದ್ದಳು. ಮುಂದೆ ಏನಾಗ್ತೀಯಾ ಅಂತ ಯಾರೋ ನೆಂಟರು ಕೇಳಿದರೆ ಚಿಕ್ಕಮ್ಮನ ಥರ ಆಗ್ತೀನಿ ಅಂದಳು. ದೊಡ್ಡವಳು ಅಡುಗೆಮನೆಯಲ್ಲಿ ನೀರು ಬಗ್ಗಿಸುತ್ತಿದ್ದಳು. ಲೋಟ ತುಂಬಿ ಹರಿದದ್ದು ಅವಳಿಗೆ ಗೊತ್ತಾಗಲಿಲ್ಲ.

ಹೀಗಿರುವಾಗ ಆಸ್ಪತ್ರೆಗೆ ಹೊಸ ಸ್ಕ್ಯಾನಿಂಗ್ ಮಷೀನು ಬಂತು. ಬದುಕಿದವರಿಗಲ್ಲ, ಸತ್ತವರಿಗೆ. ನೆಲಮಾಳಿಗೆಯಲ್ಲಿ ಶವಾಗಾರದ ಪಕ್ಕದ ಕೋಣೆಯಲ್ಲಿ ಅದನ್ನು ಕೂರಿಸಿದರು. ಪೊಲೀಸ್ ಕೇಸಿನ ಹೆಣ ಬಂದರೆ, ಅದರಲ್ಲೂ ಹುಟ್ಟುತ್ತಲೇ ಸತ್ತ ಕೂಸು ಬಂದರೆ, ಕತ್ತಿ ಇಡುವ ಮೊದಲು ಅದರೊಳಗೆ ಮಲಗಿಸಿ ಇಡೀ ಮೈಯ ಚಿತ್ರ ತೆಗೆಯುವುದು, ಆಮೇಲೆ ಶವಾಗಾರದ ಮುದಿ ಡಾಕ್ಟರು ತಮ್ಮ ಕೆಲಸ ಶುರು ಮಾಡುವುದು. ಉದ್ಘಾಟನೆಗೆ ದೊಡ್ಡ ದೊಡ್ಡವರು ಬಂದಿದ್ದರು. ರಿಬ್ಬನ್ ಕತ್ತರಿಸಿದ್ದು ಆಸ್ಪತ್ರೆಯ ಮುಖ್ಯಸ್ಥರು. ಮಷೀನಿನ ವಿಷಯ ವಿವರಿಸಿದ್ದು ಚಿಕ್ಕವಳು. ತಟ್ಟೆಯಲ್ಲಿ ಕತ್ತರಿ ಹಿಡಿದು ನಿಂತದ್ದು ದೊಡ್ಡವಳು. ಪೇಪರಿನಲ್ಲಿ ಬಂದ ಫೋಟೋದಲ್ಲಿ ಚಿಕ್ಕವಳ ಮುಖ ಚೆನ್ನಾಗಿ ಬಿದ್ದಿತ್ತು. ದೊಡ್ಡವಳದ್ದು ತಟ್ಟೆ ಮತ್ತು ಮಣಿಕಟ್ಟು ಮಾತ್ರ. ಅತ್ತೆ ಕನ್ನಡಕ ಏರಿಸಿ ನೋಡಿ, ಈ ಕೈ ಯಾರದೇ ಅಂತ ಕೇಳಿದಳು.

ಅಂದಿನಿಂದ ಚಿಕ್ಕವಳಿಗೆ ದೊಡ್ಡವಳು ಮನಸ್ಸಿನಲ್ಲೇ ಇಟ್ಟ ಹೆಸರು ಹೆಣದ ಫೋಟೋಗ್ರಾಫರು. ಮನಸ್ಸಿನಲ್ಲೇ ಏಕೆ, ಕ್ಯಾಶುವಾಲ್ಟಿಯ ಚಹಾದ ಹೊತ್ತಿನಲ್ಲಿ ಬಾಯಿಬಿಟ್ಟೂ ಅಂದಿದ್ದಳು. ಹುಡುಗಿಯರು ನಕ್ಕರು. ಅದರಲ್ಲೊಬ್ಬಳು, ಆದರೂ ನೀವು ಪುಣ್ಯವಂತರು ಸಿಸ್ಟರ್, ಡಾಕ್ಟರಮ್ಮ ನಿಮ್ಮ ಓರಗಿತ್ತಿ ಅಂದಳು. ದೊಡ್ಡವಳು ಅರ್ಧ ಚಹಾ ಬಿಟ್ಟು ಎದ್ದಳು.

ತಮಾಷೆ ಏನೆಂದರೆ, ಚಿಕ್ಕವಳಲ್ಲಿ ಬೆರಳಿಟ್ಟು ತೋರಿಸುವ ತಪ್ಪೊಂದೂ ಇರಲಿಲ್ಲ. ಅಕ್ಕ ಅಕ್ಕ ಅಂತ ಹಿಂದೆಯೇ ಬರುತ್ತಿದ್ದಳು. ಆಸ್ಪತ್ರೆಯ ವರಾಂಡದಲ್ಲಿ ಎದುರಾದರೆ ದೊಡ್ಡವಳು ಬೇಕೆಂದೇ ಗುಡ್ ಮಾರ್ನಿಂಗ್ ಡಾಕ್ಟರ್ ಅಂತ ಗಟ್ಟಿಯಾಗಿ ಹೇಳುತ್ತಿದ್ದಳು, ಅವಳು ಮುಖ ಸಣ್ಣ ಮಾಡಿಕೊಂಡು ಹೋಗುತ್ತಿದ್ದಳು. ಹೊಟ್ಟೆಕಿಚ್ಚಿಗೆ ಇದಕ್ಕಿಂತ ಕಷ್ಟದ ಸಂಗತಿ ಇನ್ನೊಂದಿಲ್ಲ. ಜಗಳಗಂಟಿಯಾಗಿದ್ದರೆ ಒಂದು ದಿನ ಕೂಗಾಡಿ ಹಗುರಾಗಬಹುದಿತ್ತು.

ಇನ್ನು ಕ್ಯಾಶುವಾಲ್ಟಿಯ ಒಂದು ಪದ್ಧತಿಯ ಬಗ್ಗೆ ಹೇಳಬೇಕು. ಅದು ಯಾವ ಪುಸ್ತಕದಲ್ಲೂ ಇಲ್ಲ. ದಾರಿಯಲ್ಲೇ ಪ್ರಾಣ ಹೋದ ಕೂಸನ್ನು ತಂದರೆ ಡ್ಯೂಟಿ ಡಾಕ್ಟರು ಎದೆಗೆ ಸ್ಟೆತಾಸ್ಕೋಪಿನ ಕೊಳವೆ ಇಟ್ಟು ಕೇಳಿ, ತಲೆಯಾಡಿಸಿ, ಮುಂದಿನ ರೋಗಿಯ ಕಡೆ ಹೋಗುತ್ತಾರೆ. ತರುವಾಗಲೇ ಸತ್ತಿತ್ತು ಅಂತ ಬರೆದರೆ ಅಲ್ಲಿಗೆ ಮುಗಿಯಿತು. ಸತ್ತವರಿಗೆ ಚಿಕಿತ್ಸೆ ಇಲ್ಲ, ಚಿಕಿತ್ಸೆ ಇಲ್ಲದ ಮೇಲೆ ಬರೆಯುವುದಕ್ಕೂ ಏನೂ ಇಲ್ಲ. ಆದರೆ ಅಲ್ಲಿ ತಾಯಿ ನಿಂತಿರುತ್ತಾಳಲ್ಲ, ಕಣ್ಣು ಬಿಟ್ಟುಕೊಂಡು? ಅವಳ ಎದುರಿಗೆ ಏನೂ ಮಾಡದೆ ಬಟ್ಟೆ ಮುಚ್ಚುವುದು ಹೇಗೆ? ಅದಕ್ಕೆ ನರ್ಸುಗಳು ಆ ಪುಟ್ಟ ಮೂಗು ಬಾಯಿಗೆ ಆಂಬು ಚೀಲದ ಮುಖವಾಡ ಇಟ್ಟು ನಾಲ್ಕು ಸಲ ಗಾಳಿ ಒತ್ತುತ್ತಿದ್ದರು. ರಬ್ಬರಿನ ಚೀಲ, ಹಿಸುಕಿದರೆ ಗಾಳಿ ಒಳಗೆ ಹೋಗುತ್ತದೆ, ಎದೆ ಏರುತ್ತದೆ, ಇಳಿಯುತ್ತದೆ. ಬದುಕುವುದಿಲ್ಲ ಅಂತ ಒತ್ತುವ ಕೈಗೆ ಗೊತ್ತು. ಆದರೂ ನಮ್ಮ ಕೈಲಾದದ್ದು ಮಾಡಿದೆವು ಅಂತ ತಾಯಿಯ ಮುಖ ನೋಡಿ ಹೇಳಬಹುದು. ಇದನ್ನು ಅವರು ತಾಯಿ ಸಮಾಧಾನ ಅನ್ನುತ್ತಿದ್ದರು. ಶುರು ಮಾಡಿದವರು ಯಾರೋ, ಹೊಸ ಹುಡುಗಿಯರಿಗೆಲ್ಲ ಕಲಿಸಿದವಳು ಮಾತ್ರ ದೊಡ್ಡವಳೇ.

ಒಂದು ದಿನ ಬೆಳಿಗ್ಗೆ ಆಟೋದಲ್ಲಿ ಒಬ್ಬ ಹುಡುಗಿಯನ್ನು ತಂದರು. ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವಳು, ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದವಳು. ಬಸುರಿ ಅನ್ನುವುದನ್ನು ಸಡಿಲ ಬಟ್ಟೆಯೊಳಗೆ ಅಷ್ಟು ದಿನವೂ ಮುಚ್ಚಿಟ್ಟಿದ್ದಳು. ಬಚ್ಚಲಲ್ಲಿ ಹೆತ್ತಿದ್ದಳು. ಕೂಸು ಟವಲಿನಲ್ಲಿ ಸುತ್ತಿಕೊಂಡು ಅವಳ ಎದೆಯ ಮೇಲೇ ಇತ್ತು, ತಣ್ಣಗೆ, ತುಟಿ ನೀಲಿ. ಹಿಂದೆಯೇ ಬಂದ ಮನೆ ಯಜಮಾನಿ, ನನಗೆ ಕೂಗು ಕೇಳಿಸಿತ್ತು, ಆಮೇಲೆ ಇದ್ದಕ್ಕಿದ್ದ ಹಾಗೆ ನಿಂತುಹೋಯಿತು ಅಂತ ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು.

ಡ್ಯೂಟಿ ಡಾಕ್ಟರು ಕೊಳವೆ ಇಟ್ಟರು, ತಲೆಯಾಡಿಸಿದರು. ಆಚೆ ಮೇಜಿನ ಮೇಲೆ ಅಪಘಾತವಾದವನೊಬ್ಬ ಒದ್ದಾಡುತ್ತಿದ್ದ, ಅಲ್ಲಿಗೆ ಓಡಿದರು. ಹುಡುಗಿ ಸ್ಟ್ರೆಚರಿನ ಮೇಲಿಂದ ಕೈ ಚಾಚಿ ದೊಡ್ಡವಳ ಬಟ್ಟೆ ಹಿಡಿದಳು.

“ಒಂದು ಸಲ ನೋಡಿ ಸಿಸ್ಟರ್.”

ದೊಡ್ಡವಳು ನೋಡಿದಳು. ಚೀಲ ತೆಗೆದುಕೊಂಡು ಒತ್ತಿದಳು. ಯಾಕೋ ಆ ದಿನ ನಾಲ್ಕಕ್ಕೆ ಕೈ ನಿಲ್ಲಲಿಲ್ಲ. ಹುಡುಗಿ ಹಾಗೆ ದಿಟ್ಟಿಸುತ್ತಿದ್ದಳು, ಅದಕ್ಕಿರಬೇಕು. ಆಮೇಲೆ ಕೂಸಿನ ಮುಖ ಒರೆಸಿ, ಬಟ್ಟೆ ಮುಚ್ಚಿ, ಕೆಳಗೆ ಕಳಿಸಿದಳು. ಹುಡುಗಿಯನ್ನು ಹೆಂಗಸರ ವಾರ್ಡಿಗೆ ಕಳಿಸಿದರು. ಯಜಮಾನಿ ಪೊಲೀಸರನ್ನು ಕರೆದಳು.

ಆ ಸಂಜೆ ಊಟದ ಹೊತ್ತಿಗೆ ಚಿಕ್ಕವಳು ತಟ್ಟೆ ಮುಂದಿಟ್ಟುಕೊಂಡು ಎತ್ತಲೋ ನೋಡುತ್ತಿದ್ದಳು. ಯಾಕೆ ಮಗಾ, ಸೊರಗಿದ್ದೀಯಾ ಅಂತ ಅತ್ತೆ ಕೇಳಿದಳು. ದೊಡ್ಡವಳು ಅದೇ ದಿನ ಎರಡು ಪಾಳಿ ಮಾಡಿ ಬಂದಿದ್ದಳು, ಅವಳನ್ನು ಯಾರೂ ಕೇಳಿರಲಿಲ್ಲ. ಪಾತ್ರೆ ತೊಳೆಯಲು ನಿಂತಾಗ ಚಿಕ್ಕವಳು ಪಕ್ಕಕ್ಕೆ ಬಂದು, ಯಾರಿಗೂ ಹೇಳಬೇಡಿ ಅಕ್ಕ ಅಂತ ತಗ್ಗಿದ ದನಿಯಲ್ಲಿ ಶುರು ಮಾಡಿದಳು. ಬೆಳಿಗ್ಗೆ ಬಂದ ಕೂಸಿನ ಚಿತ್ರ ತೆಗೆದೆ. ಮೂಳೆ ಒಂದೂ ಮುರಿದಿಲ್ಲ, ತಲೆಗೆ ಪೆಟ್ಟಿಲ್ಲ. ಆದರೆ ಶ್ವಾಸಕೋಶದಲ್ಲಿ ಗಾಳಿ ಇದೆ. ಉಸಿರೇ ಆಡದೆ ಹುಟ್ಟಿದ ಕೂಸಿನ ಎದೆಯೊಳಗೆ ಗಾಳಿ ಹೇಗೆ ಬರುತ್ತದೆ? ಉಸಿರಾಡಿತ್ತು ಅಂತಾದರೆ ಜೀವಂತ ಹುಟ್ಟಿತ್ತು ಅಂತಾಯಿತು. ಜೀವಂತ ಹುಟ್ಟಿದ್ದರೆ, ಸತ್ತದ್ದು ಹೇಗೆ ಅಂತ ಪೊಲೀಸರು ಆ ಹುಡುಗಿಯನ್ನೇ ಕೇಳುತ್ತಾರೆ.

ದೊಡ್ಡವಳ ಕೈಯಲ್ಲಿದ್ದ ತಟ್ಟೆ ನಲ್ಲಿಯ ಕೆಳಗೆ ಹಾಗೇ ನಿಂತಿತು. ಆ ಗಾಳಿ ಯಾರದು ಅಂತ ಅವಳಿಗೆ ಗೊತ್ತಿತ್ತು. ಅವಳದೇ. ಅವಳ ಬಲಗೈ ಹಿಸುಕಿ ಕಳಿಸಿದ್ದು.

ಹೇಳಬೇಕು ಅಂತ ಬಾಯಿ ತೆರೆದಳು. ಅಷ್ಟರಲ್ಲಿ ಹಜಾರದಿಂದ ಅತ್ತೆ, ಚಿಕ್ಕವಳ ಕೈಲಿ ಯಾಕೆ ಪಾತ್ರೆ ಮುಟ್ಟಿಸ್ತೀಯಾ, ಅವಳು ಕಣ್ಣಿನ ಕೆಲಸ ಮಾಡೋಳು, ಸುಸ್ತಾಗಿರ್ತಾಳೆ, ಕಳಿಸು ಅಂತ ಕೂಗಿದಳು. ದೊಡ್ಡವಳು ತೆರೆದ ಬಾಯಿ ಮುಚ್ಚಿದಳು.

ಆಮೇಲೆ ನಡೆದದ್ದು ನೋಡಿ. ಮನಸ್ಸಿನ ಯಾವುದೋ ಮೂಲೆಯಲ್ಲಿ ಒಂದು ಪುಟ್ಟ ಸಂತೋಷ ಎದ್ದು ಕೂತಿತು. ಇಷ್ಟು ದೊಡ್ಡ ಮಷೀನು, ಇಷ್ಟು ಓದು, ಪೇಪರಿನಲ್ಲಿ ಫೋಟೋ. ಈಗ ಇವಳು ಉಸಿರಾಡಿತ್ತು ಅಂತ ಬರೆದುಕೊಡಲಿ. ಮುಂದೆ ಕೋರ್ಟಿನಲ್ಲಿ ಯಾವನೋ ಕರಿಕೋಟಿನವನು, ಡಾಕ್ಟರಮ್ಮ, ಗಾಳಿ ಒತ್ತಿರಬಹುದಲ್ಲವಾ ಅಂತ ಕೇಳಲಿ. ಇವಳು ತಬ್ಬಿಬ್ಬಾಗಿ ನಿಲ್ಲಲಿ. ಆಗ ಅತ್ತೆಗೂ ತಿಳಿಯುತ್ತದೆ, ಮಗಳಿಗೂ ತಿಳಿಯುತ್ತದೆ. ಪಾತ್ರೆಗಳೆಲ್ಲ ಆ ದಿನ ಕನ್ನಡಿಯ ಹಾಗೆ ಹೊಳೆದವು, ಅಷ್ಟು ಹುರುಪಿನಿಂದ ತಿಕ್ಕಿದ್ದಳು.

ಆ ಹುಡುಗಿಯ ನೆನಪಾಗಲಿಲ್ಲವೇ ಅಂದರೆ, ಆಯಿತು. ಕೋರ್ಟಿಗೆ ಹೋಗುವ ಹೊತ್ತಿಗೆ ಹೇಳಿದರಾಯಿತು ಬಿಡು ಅಂತ ಅದನ್ನು ಬದಿಗೆ ಸರಿಸಿದಳು. ಜೊತೆಗೆ ಭಯವೂ ಇತ್ತು ಅನ್ನಿ. ಸತ್ತ ಕೂಸಿಗೆ, ಅದೂ ಪೊಲೀಸ್ ಕೇಸಿನದಕ್ಕೆ, ಯಾರಿಗೂ ಹೇಳದೆ ಕೈ ಹಾಕಿದ್ದು ಏಕೆ ಅಂತ ಕೇಳಿದರೆ ಉತ್ತರವಿಲ್ಲ. ಆದರೆ ಭಯವನ್ನು ಅವಳು ನುಂಗಬಲ್ಲಳು, ಹಿಂದೆ ಎಷ್ಟೋ ಸಲ ನುಂಗಿದ್ದಳು. ಬಾಯಿಗೆ ಬೀಗ ಹಾಕಿದ್ದು ಆ ಪುಟ್ಟ ಸಂತೋಷವೇ.

ದಿನಗಳು ಸರಿದವು. ಚಿಕ್ಕವಳು ವರದಿ ಬರೆದಳೋ ಇಲ್ಲವೋ ತಿಳಿಯಲಿಲ್ಲ, ದೊಡ್ಡವಳು ಕೇಳಲೂ ಇಲ್ಲ. ಊಟ ಬಡಿಸುವಾಗ ಮಾತ್ರ ಅವಳ ಮುಖವನ್ನು ಕದ್ದು ನೋಡುತ್ತಿದ್ದಳು, ಬಿರುಕು ಬಿಟ್ಟಿದೆಯಾ ಅಂತ ಗೋಡೆ ನೋಡುವ ಹಾಗೆ.

ಹೆಂಗಸರ ವಾರ್ಡಿನಲ್ಲಿ ಒಂದು ದಿನ ನರ್ಸುಗಳು ಕಡಿಮೆಯಾಗಿ ದೊಡ್ಡವಳನ್ನು ಅಲ್ಲಿಗೆ ಹಾಕಿದರು. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಆ ಹುಡುಗಿ. ಹಾಸಿಗೆಯ ತುದಿಯಲ್ಲಿ ಸ್ಟೂಲು ಹಾಕಿಕೊಂಡು ಒಬ್ಬ ಪೊಲೀಸಮ್ಮ ಕೂತು, ಬೂಟು ಬಿಚ್ಚಿ, ಕಾಲು ಒತ್ತಿಕೊಳ್ಳುತ್ತಿದ್ದಳು. ಹುಡುಗಿಯ ಎದೆ ಹಾಲಿಗೆ ಬಿಗಿದು ಜ್ವರ ಬಂದಿತ್ತು. ದೊಡ್ಡವಳು ಬಟ್ಟೆ ಒದ್ದೆ ಮಾಡಿ ಇಡಲು ಹೋದಾಗ ಹುಡುಗಿ ಮುಖ ನೋಡಿ, ಮಣಿಕಟ್ಟು ನೋಡಿ, ಗುರುತು ಹಿಡಿದಳು.

“ನೀವೇ ಅಲ್ವಾ ಸಿಸ್ಟರ್, ಆವತ್ತು?”

ದೊಡ್ಡವಳು ಹೂಂ ಅಂದಳು.

“ಉಸಿರಾಡ್ತು ಅಲ್ವಾ? ನಾನು ನೋಡ್ದೆ. ಎದೆ ಹೀಗೆ ಮೇಲೆ ಬಂತು. ನಿಮ್ಮ ಕೈಯಲ್ಲಿ ಸ್ವಲ್ಪ ಹೊತ್ತು ಬದುಕಿತ್ತು.”

ಅದನ್ನೇ ಪೊಲೀಸರಿಗೂ ಹೇಳಿದ್ದೀನಿ ಅಂದಳು. ನನ್ನ ಮಗು ಉಸಿರಾಡ್ತಾ ಇತ್ತು, ನಾನೇ ಕಣ್ಣಾರೆ ಕಂಡೆ ಅಂತ. ಅದನ್ನು ಹೇಳುವಾಗ ಅವಳ ಮುಖದಲ್ಲಿ ಒಂದು ಬೆಳಕಿತ್ತು. ಪೊಲೀಸಮ್ಮ ಬೂಟಿಗೆ ಕಾಲು ತೂರಿಸುತ್ತ, ಇದನ್ನ ಕೇಳಿ ಕೇಳಿ ಸಾಕಾಗಿದೆ ಸಿಸ್ಟರ್, ಇವಳ ಬಾಯಿಂದಲೇ ಇವಳು ಜೈಲಿಗೆ ಹೋಗ್ತಾಳೆ, ಸುಮ್ನಿರೇ ಅಂದ್ರೆ ಕೇಳಲ್ಲ ಅಂತ ಗೊಣಗಿದಳು. ಅವಳಿಗೂ ಅದು ಇಷ್ಟವಿದ್ದಂತೆ ಕಾಣಲಿಲ್ಲ.

ದೊಡ್ಡವಳು ಒದ್ದೆ ಬಟ್ಟೆ ಹಿಂಡಿದಳು, ಮತ್ತೆ ನೆನೆಸಿದಳು, ಮತ್ತೆ ಹಿಂಡಿದಳು. ಅವಳ ಕೈಯ ಗಾಳಿ ಈಗ ಎರಡು ಕಡೆ ಇತ್ತು. ಕೆಳಗೆ ಚಿಕ್ಕವಳ ಚಿತ್ರದಲ್ಲೊಂದು, ಇಲ್ಲಿ ಈ ಹುಡುಗಿಯ ಕಣ್ಣಲ್ಲೊಂದು. ಎರಡೂ ಸೇರಿ ಹುಡುಗಿಯ ಕುತ್ತಿಗೆಗೆ ಬರುತ್ತಿದ್ದವು. ತಾಯಿಯ ಸಮಾಧಾನಕ್ಕೆ ಅಂತ ಕೊಟ್ಟದ್ದು ಇದು. ಚಿಕ್ಕವಳನ್ನು ಬೀಳಿಸಬೇಕು ಅಂತ ಅವಳು ಬಾಯಿ ಮುಚ್ಚಿ ತೋಡಿದ ಹಳ್ಳದ ಅಂಚಿನಲ್ಲಿ ಚಿಕ್ಕವಳು ನಿಂತೇ ಇರಲಿಲ್ಲ. ನಿಂತಿದ್ದವಳು ಈ ಇಸ್ತ್ರಿ ಹುಡುಗಿ.

ಪಾಳಿ ಮುಗಿಯುವವರೆಗೂ ಕಾಯಲಿಲ್ಲ. ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋದಳು. ಅಲ್ಲಿ ಯಾವಾಗಲೂ ಫಿನಾಯಿಲ್ ವಾಸನೆ, ಕೆಳಗೆ ಒದ್ದೆ ನೆಲ. ಚಿಕ್ಕವಳು ಪರದೆಯ ಮುಂದೆ ಒಬ್ಬಳೇ ಇದ್ದಳು. ಆ ಕೂಸಿನ ಚಿತ್ರವೇ ಪರದೆಯ ಮೇಲಿತ್ತು. ಬೆಳ್ಳಗೆ ಎಳೆ ಮೂಳೆ, ಮಡಚಿದ ಕಾಲು, ಮುಷ್ಟಿ. ದೊಡ್ಡವಳು ಅಂಥ ಚಿತ್ರ ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅಷ್ಟು ದಿನ ಹಂಗಿಸಿದ್ದಳೇ ಹೊರತು ನೋಡಿರಲಿಲ್ಲ.

“ಆ ಗಾಳಿ ನಂದು” ಅಂದಳು.

ಚಿಕ್ಕವಳು ತಿರುಗಿದಳು. ದೊಡ್ಡವಳು ನಿಂತಲ್ಲೇ ಎಲ್ಲ ಹೇಳಿದಳು, ಚೀಲ, ಮುಖವಾಡ, ಹುಡುಗಿ ಬಟ್ಟೆ ಹಿಡಿದದ್ದು, ತಾಯಿ ಸಮಾಧಾನದ ಪದ್ಧತಿ, ಅದನ್ನು ಯಾರೂ ಬರೆಯದೇ ಇರುವುದು. ಮುಗಿದ ಮೇಲೆ ಚಿಕ್ಕವಳು ಪರದೆಯ ಕಡೆ ತಿರುಗಿ ಹೊಟ್ಟೆಯ ಜಾಗದಲ್ಲಿ ಬೆರಳಿಟ್ಟಳು. ಅಲ್ಲೊಂದು ಕಪ್ಪು ಗುಳ್ಳೆ, ಊದಿದ ಬಲೂನಿನ ಹಾಗೆ. ಎದೆಯಲ್ಲಿ ಗಾಳಿ ಇತ್ತು, ಆದರೆ ಎಲ್ಲ ಕಡೆ ಸಮನಾಗಿ ಅಲ್ಲ, ಅಲ್ಲಲ್ಲಿ ತೇಪೆ ಹಾಕಿದ ಹಾಗೆ.

ಒತ್ತಿದ ಗಾಳಿ ಅನ್ನೋ ಅನುಮಾನ ನನಗೆ ಮೊದಲ ದಿನದಿಂದಲೇ ಇತ್ತು ಅಂದಳು ಚಿಕ್ಕವಳು. ಹೀಗೆ ಹೊಟ್ಟೆ ತುಂಬ ಗಾಳಿ ಇದ್ದರೆ ಹಾಗಿರಬಹುದು. ಇರಬಹುದು ಅಷ್ಟೇ, ಚಿತ್ರವೊಂದನ್ನೇ ನೋಡಿ ಖಂಡಿತ ಅನ್ನಲು ಬರುವುದಿಲ್ಲ, ತಾನೇ ಎಳೆದ ಉಸಿರೂ ಕೆಲವು ಸಲ ಹೀಗೆ ಕಾಣುತ್ತದೆ. ಶವಾಗಾರದ ಡಾಕ್ಟರೂ ಅದೇ ಹೇಳಿದರು. ಕ್ಯಾಶುವಾಲ್ಟಿಗೆ ಫೋನ್ ಮಾಡಿ ಯಾರಾದರೂ ಗಾಳಿ ಒತ್ತಿದ್ದರಾ ಅಂತ ಕೇಳಿದೆ. ಯಾವ ಚಿಕಿತ್ಸೆಯೂ ಕೊಟ್ಟಿಲ್ಲ ಅಂದರು ಡ್ಯೂಟಿ ಡಾಕ್ಟರು. ಆವತ್ತಿನಿಂದ ಹೇಳಲು ಬರುವುದಿಲ್ಲ ಅಂತಲೇ ಬರೆದಿಟ್ಟುಕೊಂಡು ಕೂತಿದ್ದೀನಿ. ಪೊಲೀಸರು ದಿನಾ ಬಂದು ಹೌದೋ ಅಲ್ಲವೋ ಒಂದು ಹೇಳಿ ಅಂತಾರೆ.

ದೊಡ್ಡವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅಂದರೆ ಇವಳು ಬೀಳುತ್ತಲೇ ಇರಲಿಲ್ಲ. ಕರಿಕೋಟಿನವನು ಕೇಳುವ ಮೊದಲೇ ಇವಳೇ ಕೇಳಿಕೊಂಡಿದ್ದಳು. ಅಷ್ಟು ದಿನ ಸಂತೋಷಪಟ್ಟು ತಿಕ್ಕಿದ ಪಾತ್ರೆಗಳೆಲ್ಲ ದಂಡ. ತಪ್ಪು ಒಪ್ಪಿಕೊಳ್ಳಲು ಬಂದವಳಿಗೆ ಆ ಗಳಿಗೆಯಲ್ಲೂ ಹೊಟ್ಟೆಕಿಚ್ಚು ಬಿಡಲಿಲ್ಲ.

ಚಿಕ್ಕವಳ ದನಿ ಈಗ ಬೇರೆಯಾಗಿತ್ತು.

“ನಿಮ್ಮ ಪಕ್ಕದಲ್ಲೇ ನಿಂತು ಹೇಳಿದ್ದೆ ಅಕ್ಕ, ಗಾಳಿ ಇದೆ ಅಂತ. ಇಷ್ಟು ದಿನ ಯಾಕೆ ಸುಮ್ನಿದ್ರಿ?”

ಕೆಲಸ ಹೋಗುತ್ತದೆ ಅಂತ ಹೆದರಿದೆ ಅನ್ನಬಹುದಿತ್ತು. ನಂಬುತ್ತಿದ್ದಳು. ದೊಡ್ಡವಳಿಗೆ ಆ ಸುಳ್ಳು ಯಾಕೋ ಬೇಡವೆನಿಸಿತು.

“ನೀನು ಬೀಳ್ಲಿ ಅಂತ.”

ಮಷೀನು ಗುಂಯ್ ಅನ್ನುತ್ತಿತ್ತು. ಚಿಕ್ಕವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

“ಅಷ್ಟೊಂದು ಉರೀನಾ ನನ್ನ ಮೇಲೆ?”

“ಹೂಂ.”

“ನಾನೇನು ಮಾಡಿದೆ?”

“ಏನೂ ಮಾಡಿಲ್ಲ. ಅದೇ ಕಷ್ಟ.”

ಚಿಕ್ಕವಳು ಅಳುತ್ತಾಳೆ ಅಂದುಕೊಂಡಿದ್ದಳು. ಅಳಲಿಲ್ಲ. ಕನ್ನಡಕ ಹಾಕಿಕೊಂಡು, ನಿಮಗೆ ಮೆಮೋ ಬರುತ್ತೆ, ಗೊತ್ತಲ್ವಾ ಅಂದಳು. ಗೊತ್ತು ಅಂದಳು ದೊಡ್ಡವಳು. ಪೊಲೀಸರ ಮುಂದೆಯೂ ಹೇಳಬೇಕಾಗುತ್ತೆ. ಹೇಳ್ತೀನಿ. ಹಾಗಾದರೆ ಬನ್ನಿ, ಮುದಿ ಡಾಕ್ಟರು ಇನ್ನೂ ಹೋಗಿಲ್ಲ ಅಂತ ಚಿಕ್ಕವಳು ಎದ್ದಳು. ಬಾಗಿಲ ಹತ್ತಿರ ನಿಂತು, ಆ ಹುಡುಗಿಗೆ ಯಾರಾದರೂ ತಿಳಿಸಬೇಕಲ್ಲ, ಎದೆ ಏರಿದ್ದು ಉಸಿರಲ್ಲ ಅಂತ, ನಾನೇ ಚಿತ್ರ ತೋರಿಸಿ ನಿಧಾನವಾಗಿ ಹೇಳ್ತೀನಿ ಬಿಡಿ ಅಂದಳು.

ಅಲ್ಲಿ ದೊಡ್ಡವಳ ಹಳೆಯ ಹುಳಿ ಮತ್ತೆ ಎದ್ದಿತು. ಎಲ್ಲವನ್ನೂ ಇವಳೇ ಹೇಳಬೇಕಾ? ಮಂಡಿಯದ್ದೂ ಇವಳೇ, ಮಷೀನಿನದ್ದೂ ಇವಳೇ, ಇದೂ ಇವಳೇ? ಒತ್ತಿದ ಕೈ ನನ್ನದು.

“ಅದು ನನ್ನ ಕೆಲಸ. ನೀನು ಬರಬೇಡ” ಅಂದಳು.

ಮುದಿ ಡಾಕ್ಟರು ಎಲ್ಲ ಕೇಳಿಸಿಕೊಂಡು ಗಡ್ಡ ಕೆರೆದುಕೊಂಡರು. ಬೈಯುತ್ತಾರೆ ಅಂದುಕೊಂಡರೆ, ತಾಯಿ ಸಮಾಧಾನ ಅಂದರೆ ಏನು ಅಂತ ಇನ್ನೊಂದು ಸಲ ಕೇಳಿದರು. ಇಷ್ಟು ವರ್ಷ ತಾವು ನೋಡಿದ ಕೂಸುಗಳಲ್ಲಿ ಎಷ್ಟರ ಎದೆಯಲ್ಲಿ ಈ ಸಮಾಧಾನ ಇತ್ತೋ ಅಂತ ತಮ್ಮಷ್ಟಕ್ಕೆ ತಾವೇ ಗೊಣಗಿದರು. ಆ ಮಾತು ದೊಡ್ಡವಳಿಗೆ ಬೈಗುಳಕ್ಕಿಂತ ಜೋರಾಗಿ ತಾಗಿತು. ತಾನು ಕಲಿಸಿದ ಹುಡುಗಿಯರು, ಅವರು ಒತ್ತಿದ ಚೀಲಗಳು, ಮುಂದೆ ಅದರಿಂದ ಯಾರಿಗೆ ಏನಾಯಿತೋ ಅಂತ ಅವಳು ಅದುವರೆಗೂ ಯೋಚಿಸಿರಲಿಲ್ಲ.

ವಾರ್ಡಿಗೆ ಹೋದಾಗ ಬಿಸಿಲು ಕಿಟಕಿಯಿಂದ ಹಾಸಿಗೆಯ ಮೇಲೆ ಬಿದ್ದಿತ್ತು. ಪೊಲೀಸಮ್ಮನಿಗೆ ಚಹಾ ಕುಡಿದು ಬಾ ಅಂತ ಹೇಳಿ ಕಳಿಸಿ, ಸ್ಟೂಲಿನ ಮೇಲೆ ತಾನು ಕೂತಳು. ಕ್ಯಾಶುವಾಲ್ಟಿಯಲ್ಲಿ ಕೆಟ್ಟ ಸುದ್ದಿ ಹೇಳಿ ಅವಳ ನಾಲಿಗೆ ಪಳಗಿತ್ತು. ಆದರೆ ಅದು ಆಗಷ್ಟೇ ಆದ ಸಾವಿನ ಸುದ್ದಿ. ಎಂದೋ ಸತ್ತ ಕೂಸನ್ನು ಇನ್ನೊಂದು ಸಲ ಸಾಯಿಸುವುದು ಹೇಗೆ ಅಂತ ಗೊತ್ತಿರಲಿಲ್ಲ.

“ಆವತ್ತು ಎದೆ ಏರಿದ್ದು ನಾನು ಒತ್ತಿದ್ದಕ್ಕೆ ಕಣಮ್ಮ. ಚೀಲದ ಗಾಳಿ. ಮಗು ನನ್ನ ಕೈಗೆ ಬರೋ ಮೊದಲೇ ಹೋಗಿತ್ತು.”

ಹುಡುಗಿ ನಕ್ಕ ಹಾಗೆ ಮಾಡಿದಳು. ಇಲ್ಲ, ನಾನು ನೋಡ್ದೆ ಅಂದಳು. ದೊಡ್ಡವಳು ಬಲಗೈಯನ್ನು ಚೀಲ ಹಿಸುಕುವ ಹಾಗೆ ಎರಡು ಸಲ ಒತ್ತಿ ತೋರಿಸಿದಳು. ಹುಡುಗಿ ಅವಳ ಕೈಯನ್ನೇ ನೋಡುತ್ತಿದ್ದಳು. ಮುಖದ ಮೇಲಿದ್ದ ಬೆಳಕು ದೊಡ್ಡವಳ ಕಣ್ಣೆದುರಿಗೇ ಆರಿಹೋಯಿತು.

“ಗೊತ್ತಿದ್ದೂ ಯಾಕೆ ಒತ್ತಿದ್ರಿ?”

“ನೀನು ನೋಡ್ತಾ ಇದ್ದೆ, ಅದಕ್ಕೆ.”

ಹುಡುಗಿ ಗೋಡೆಯ ಕಡೆ ಹೊರಳಿದಳು. ಆಮೇಲೆ ಎಷ್ಟು ಕರೆದರೂ ತಿರುಗಲಿಲ್ಲ. ನಿನ್ನ ಒಳ್ಳೆಯದಕ್ಕೇ ಹೇಳಿದ್ದು, ಇನ್ನು ನಿನ್ನನ್ನು ಯಾರೂ ಹಿಡಿಯಲ್ಲ ಅಂತ ದೊಡ್ಡವಳು ಹೇಳಿದ್ದು ಅವಳ ಬೆನ್ನಿಗೆ. ಪೊಲೀಸಮ್ಮ ಚಹಾ ಮುಗಿಸಿ ಬಂದ ಮೇಲೆ ಎದ್ದು ಬಂದಳು.

ಮುಂದಿನದು ಬೇಗ ಬೇಗ ಆಯಿತು. ದೊಡ್ಡವಳು ಪೊಲೀಸರ ಮುಂದೆ ಹೇಳಿಕೆ ಕೊಟ್ಟಳು. ಡ್ಯೂಟಿ ಡಾಕ್ಟರು, ನಾನು ಆ ಕಡೆ ಇದ್ದೆ, ನೋಡಲಿಲ್ಲ ಅಂತ ಒಪ್ಪಿಕೊಂಡರು. ಮುದಿ ಡಾಕ್ಟರು ಹೆರಿಗೆ ತಡವಾಗಿ ತಲೆ ಒತ್ತಿಕೊಂಡದ್ದನ್ನು, ಹೊಕ್ಕುಳ ಬಳ್ಳಿ ಕುತ್ತಿಗೆಗೆ ಬಿಗಿದ ಗುರುತನ್ನು ತೋರಿಸಿ, ಕೂಸು ಜೀವಂತ ಹುಟ್ಟಿತ್ತು ಅನ್ನಲು ಆಧಾರವಿಲ್ಲ ಅಂತ ಬರೆದರು. ಮನೆ ಯಜಮಾನಿಯನ್ನು ಮತ್ತೆ ಕೂರಿಸಿ ಕೇಳಿದಾಗ, ಕೂಗಿದ್ದು ಹುಡುಗಿಯೋ ಕೂಸೋ ನನಗೇನು ಗೊತ್ತು ಸ್ವಾಮಿ, ಬಾಗಿಲು ಹಾಕಿತ್ತು ಅಂದಳಂತೆ. ಹಾಸಿಗೆಯ ತುದಿಯ ಸ್ಟೂಲು ಖಾಲಿಯಾಯಿತು. ದೊಡ್ಡವಳಿಗೆ ಮೆಮೋ ಬಂತು, ಬಡ್ತಿ ನಿಂತಿತು. ಇನ್ನು ಮುಂದೆ ಸತ್ತ ಕೂಸಿಗೆ ಯಾರೂ ಚೀಲ ಮುಟ್ಟಬಾರದು ಅಂತ ಮುಖ್ಯಸ್ಥರು ಹೇಳಿದಾಗ ಅವಳು ಎದುರು ಮಾತಾಡಿದಳು. ಮುಟ್ಟುತ್ತೇವೆ, ಆದರೆ ಮುಟ್ಟಿದ್ದೇವೆ ಅಂತ ಬರೆಯುತ್ತೇವೆ ಅಂದಳು. ಆ ಜಗಳ ಇನ್ನೂ ಮುಗಿದಿಲ್ಲ.

ಹುಡುಗಿ ಬಿಡುಗಡೆಯಾಗಿ ಹೊರಟ ದಿನ ದೊಡ್ಡವಳು ಕ್ಯಾಶುವಾಲ್ಟಿಯ ಬಾಗಿಲಲ್ಲಿ ನಿಂತಿದ್ದಳು. ಒಂದು ಮಾತು ಆಡುತ್ತಾಳೆ ಅಂತ ಆಸೆಯಿರಲಿಲ್ಲ, ಆದರೂ ನಿಂತಿದ್ದಳು. ಹುಡುಗಿ ಬಟ್ಟೆಯ ಗಂಟು ಹಿಡಿದು ಅವಳ ಮುಂದೆಯೇ ಹಾದು ನೆಲಮಾಳಿಗೆಯ ಮೆಟ್ಟಿಲಿಳಿದಳು. ಕೂಸಿನ ಚಿತ್ರ ತೆಗೆದ ಡಾಕ್ಟರಮ್ಮ ಅಲ್ಲಿರುತ್ತಾರೆ ಅಂತ ಪೊಲೀಸಮ್ಮ ಹೇಳಿದ್ದಳಂತೆ. ತಡೆಯಲಾಗದೆ ದೊಡ್ಡವಳೂ ಸ್ವಲ್ಪ ಇಳಿದು ಬಗ್ಗಿ ನೋಡಿದಳು. ಚಿಕ್ಕವಳು ಪರದೆಯಲ್ಲಿ ಏನೋ ತೋರಿಸುತ್ತಿದ್ದಳು. ಕೂಸಿನ ಮುಖವಿರಬೇಕು. ಹುಡುಗಿ ಅದನ್ನು ಕೈಯಿಂದ ಸವರಿ, ಚಿಕ್ಕವಳ ಭುಜಕ್ಕೆ ಹಣೆ ಹಚ್ಚಿ ಅತ್ತಳು. ಚಿಕ್ಕವಳಿಗೆ ಅಳುವವರನ್ನು ಹಿಡಿದುಕೊಳ್ಳಲು ಬರುತ್ತಿರಲಿಲ್ಲ. ಕೈ ಎಲ್ಲಿಡಬೇಕು ಅಂತ ತಿಳಿಯದೆ ಗಾಳಿಯಲ್ಲೇ ಇಟ್ಟುಕೊಂಡಿದ್ದಳು. ಬೆನ್ನ ಮೇಲೆ ಇಡೇ, ಬೆನ್ನ ಮೇಲೆ ಅಂತ ದೊಡ್ಡವಳ ನಾಲಿಗೆಯ ತುದಿಗೆ ಬಂತು. ತಿರುಗಿ ಮೆಟ್ಟಿಲು ಹತ್ತಿದಳು.

ಸಂಜೆ ಊಟಕ್ಕೆ ಕೂತಾಗ ಅತ್ತೆಗೆ ಅದಾಗಲೇ ಸುದ್ದಿ ಮುಟ್ಟಿತ್ತು. ಎದುರುಮನೆಯವಳ ತಂಗಿ ಅದೇ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾಳೆ. ನಮ್ಮ ಚಿಕ್ಕವಳು ಒಬ್ಬ ಹೆಣ್ಣುಮಗಳನ್ನ ಜೈಲಿಂದ ಉಳಿಸಿದಳಂತೆ, ಅಬ್ಬಾ, ಏನು ತಲೆ ಅಂತ ಶುರು ಮಾಡಿದಳು. ಮಗಳು ಕಣ್ಣರಳಿಸಿ ಚಿಕ್ಕಮ್ಮನ ಕಡೆ ನೋಡಿದಳು. ದೊಡ್ಡವಳು ಬಡಿಸುವ ಸೌಟನ್ನು ಪಾತ್ರೆಯಲ್ಲಿ ಸ್ವಲ್ಪ ಜೋರಾಗಿಯೇ ಇಟ್ಟಳು.

“ಉಳಿಸಿದ್ದು ನಾನಲ್ಲ ಅತ್ತೆ, ಅಕ್ಕ” ಅಂದಳು ಚಿಕ್ಕವಳು. “ಅಕ್ಕ ಬಾಯಿ ಬಿಡದೇ ಇದ್ದಿದ್ರೆ ನನ್ನ ಫೋಟೋ ನೂರಿದ್ರೂ ಆಗ್ತಿರಲಿಲ್ಲ.” ಯಾವಾಗ ಬಾಯಿ ಬಿಟ್ಟಳು, ಯಾಕೆ ತಡವಾಯಿತು ಅನ್ನುವುದನ್ನು ಹೇಳಲಿಲ್ಲ. ಹೇಳುವುದೂ ಇಲ್ಲ ಅಂತ ಅವಳ ಕಣ್ಣು ಹೇಳುತ್ತಿತ್ತು.

ಅತ್ತೆ ಕನ್ನಡಕ ಸರಿಪಡಿಸಿಕೊಂಡು ದೊಡ್ಡವಳನ್ನು ಹೊಸಬರನ್ನು ನೋಡುವ ಹಾಗೆ ನೋಡಿದಳು. ಹೌದೇನೇ ಅಂತ ಕೇಳಿದಳು. ಮಗಳೂ ಈಗ ಅಮ್ಮನ ಕಡೆ ತಿರುಗಿದ್ದಳು. ಎಷ್ಟೋ ವರ್ಷದಿಂದ ಅವಳು ಕಾದಿದ್ದ ನೋಟ ಅದು. ಕೊನೆಗೆ ಬಂದದ್ದು ಚಿಕ್ಕವಳ ಕೈಯಿಂದ. ನೋಡಿ, ಒಳ್ಳೆಯತನವನ್ನೂ ಇವಳೇ ಹೊಡೆದುಕೊಂಡಳು.

“ಹೂಂ, ನಾನೇ” ಅಂದಳು ದೊಡ್ಡವಳು. ಆಮೇಲೆ ಚಿಕ್ಕವಳ ಕಡೆ ತಿರುಗಿದಳು. “ನೀನು ಹೇಳ್ದೇ ಇದ್ದಿದ್ರೂ ನಾನೇ ಹೇಳ್ಕೋತಿದ್ದೆ. ತಟ್ಟೆ ಮುಂದೆ ತಳ್ಳು, ಬಡಿಸ್ತೀನಿ. ಅಳೋರನ್ನ ಹಿಡ್ಕೊಳ್ಳೋದು ಹೇಗೆ ಅಂತಾನೂ ಬರಲ್ಲ ನಿನಗೆ, ನಾಳೆ ತೋರಿಸ್ಕೊಡ್ತೀನಿ.”